‘ಲೆಸ್’ ಮೆಚ್ಚಬೇಕೋ ಬೇಡವೋ?

ಪ್ರಶ್ನೆ: ಆ್ಯಂಡ್ರ್ಯೂ ಶಾನ್ ಗ್ರಿಯರ್ ಅವರ ‘ಲೆಸ್’ ಕಾದಂಬರಿಯನ್ನು ಓದಿ ಮುಗಿಸಿದೆ. ಸ್ನೇಹಿತರಂತಿದ್ದ ಇಬ್ಬರು ಗಂಡಸರು ಪ್ರೇಮಿಗಳಾಗುವ ಕಥೆ, ನಾಯಕ ಒಬ್ಬ ಲೇಖಕ, ಹೊಟ್ಟೆ ಹುಣ್ಣಾಗುವಷ್ಟು ನಗಬಹುದು ಎಂದು ಹೇಳಿ ಕೊಟ್ಟಿದ್ದರು. ಕೊನೆಯ ಪುಟದಲ್ಲಿ ಕಣ್ಣು ತುಂಬಿ ಬಂತು, ನಿಜ. ಆದರೆ ಪ್ರೇಮಿ ಫ್ರೆಡ್ಡಿ ಪುಸ್ತಕದಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಊರೂರು ಸುತ್ತುವ ಅಮೆರಿಕದವನ ಗೋಳನ್ನು ಕೇಳಿ ಕೇಳಿ ಸಾಕಾಯಿತು. ಇಂಡಿಯಾದ ಅಧ್ಯಾಯವಂತೂ ಕಿರಿಕಿರಿ. ಮುಂದಿನ ತಿಂಗಳು ನಮ್ಮ ಓದುಗರ ಬಳಗದಲ್ಲಿ ಈ ಪುಸ್ತಕದ ಬಗ್ಗೆ ನಾನೇ ಮಾತಾಡಬೇಕು. ಮೆಚ್ಚಿದೆ ಎನ್ನಲೋ, ಇಲ್ಲ ಎನ್ನಲೋ? ಗಂಡಸರಿಬ್ಬರ ಪ್ರೇಮ ಎಂಬ ಕಾರಣಕ್ಕೇ ನನಗೆ ಒಗ್ಗಲಿಲ್ಲವೇ ಎಂಬ ಅಳುಕೂ ಇದೆ.

ಉತ್ತರ: ಮೊದಲೇ ಹೇಳಿಬಿಡುತ್ತೇನೆ, ಕೆಳಗೆ ಕೊನೆಯ ಪುಟದ ಗುಟ್ಟು ಬಯಲಾಗುತ್ತದೆ. ಬಳಗದಲ್ಲಿ ಇನ್ನೂ ಅರ್ಧ ಪುಸ್ತಕದಲ್ಲಿರುವವರಿಗೆ ಇದನ್ನು ಈಗಲೇ ಕಳಿಸಬೇಡಿ.

ಫ್ರೆಡ್ಡಿ ಪುಸ್ತಕದಲ್ಲಿಲ್ಲ ಎಂಬುದು ನಿಮ್ಮ ದೂರು. ಆದರೆ ಕಥೆ ಹೇಳುತ್ತಿರುವವನೇ ಫ್ರೆಡ್ಡಿ. ಅದು ಗೊತ್ತಾದ ಗಳಿಗೆಯಲ್ಲಿ ನಿಮ್ಮ ಕಣ್ಣು ತುಂಬಿತು. ಗೊತ್ತಾಗುವ ಮುಂಚೆ ಇನ್ನೂರೈವತ್ತು ಪುಟಗಳನ್ನು ಅವನಿಲ್ಲದೆ ಓದಿ ಬೇಸತ್ತಿರಿ. ಕಣ್ಣೀರಿಗೂ ಬೇಸರಕ್ಕೂ ಬೇರು ಒಂದೇ. ಹಾಗಾಗಿ ಎರಡನ್ನೂ ಕೂಡಿಸಿ, ಎರಡರಿಂದ ಭಾಗಿಸಿ, ಐದಕ್ಕೆ ಮೂರು ನಕ್ಷತ್ರ ಎನ್ನುವುದು ಈ ಪುಸ್ತಕಕ್ಕೆ ಹೊಂದುವುದಿಲ್ಲ. ಹೇಳುವವನು ಯಾರೆಂದು ಗೊತ್ತಿಟ್ಟುಕೊಂಡು ಇನ್ನೊಮ್ಮೆ ಓದಿದರೆ ನಿಮ್ಮ ಬೇಸರದಲ್ಲಿ ಒಂದು ಪಾಲು ಕರಗುತ್ತದೆ, ಒಂದು ಪಾಲು ಗಟ್ಟಿಯಾಗಿ ಉಳಿಯುತ್ತದೆ. ಬಳಗದಲ್ಲಿ ಮಾತಾಡಬೇಕಾದ್ದು ಈ ಉಳಿದದ್ದರ ಬಗ್ಗೆ.

ಮರೆತಿದ್ದರೆ ಕಥೆಯನ್ನು ನಾಲ್ಕು ಮಾತಿನಲ್ಲಿ ಹೇಳುತ್ತೇನೆ. ಆರ್ಥರ್ ಲೆಸ್‌ಗೆ ಐವತ್ತು ತುಂಬುವುದರಲ್ಲಿದೆ. ಸ್ಯಾನ್‌ಫ್ರಾನ್ಸಿಸ್ಕೋದಲ್ಲಿರುವ, ಹೆಚ್ಚು ಹೆಸರು ಮಾಡದ ಕಾದಂಬರಿಕಾರ. ಯೌವನವೆಲ್ಲ ತನಗಿಂತ ಎಷ್ಟೋ ಹಿರಿಯನಾದ ಕವಿ ರಾಬರ್ಟ್ ಬ್ರೌನ್‌ಬರ್ನ್ ಜೊತೆ ಕಳೆಯಿತು. ಆಮೇಲೆ ಒಂಬತ್ತು ವರ್ಷ ಫ್ರೆಡ್ಡಿ ಪೆಲು ಜೊತೆಗಿದ್ದ. ಫ್ರೆಡ್ಡಿ ಲೆಸ್‌ಗಿಂತ ಸುಮಾರು ಹದಿನೈದು ವರ್ಷ ಚಿಕ್ಕವನು, ಇಂಗ್ಲಿಷ್ ಮೇಷ್ಟ್ರು, ಲೆಸ್‌ನ ಹಳೆಯ ಎದುರಾಳಿ ಕಾರ್ಲೋಸ್‌ನ ಸಾಕುಮಗ. ಈ ಒಂಬತ್ತು ವರ್ಷದ ಸಂಬಂಧಕ್ಕೆ ಇಬ್ಬರೂ ಹೆಸರಿಡಲಿಲ್ಲ, ಮಾತು ಕೊಡಲಿಲ್ಲ. ಫ್ರೆಡ್ಡಿ ಬೇರೊಬ್ಬನನ್ನು ಮದುವೆಯಾಗಲು ಹೊರಟಾಗ ಲೆಸ್ ತಡೆಯುವುದಿಲ್ಲ. ಆಹ್ವಾನ ಪತ್ರಿಕೆ ಬರುತ್ತದೆ. ಹೋದರೆ ಅವಮಾನ, ಹೋಗದಿದ್ದರೆ ಸೋಲು. ಅದರಿಂದ ತಪ್ಪಿಸಿಕೊಳ್ಳಲು ಮೇಜಿನ ಮೇಲೆ ಬಿದ್ದಿದ್ದ ಸಾಹಿತ್ಯದ ಆಹ್ವಾನಗಳನ್ನೆಲ್ಲ ಒಪ್ಪಿಕೊಂಡು ನ್ಯೂಯಾರ್ಕ್, ಮೆಕ್ಸಿಕೋ, ಇಟಲಿ, ಜರ್ಮನಿ, ಫ್ರಾನ್ಸ್, ಮೊರಾಕೊ, ಇಂಡಿಯಾ, ಜಪಾನ್ ಎಂದು ಸುತ್ತಿ ಬರುತ್ತಾನೆ. ಬಂದಾಗ ಮನೆಯ ಬಳಿ ಫ್ರೆಡ್ಡಿ ಕಾಯುತ್ತಿರುತ್ತಾನೆ.

ನಿಮ್ಮ ನಿರಾಸೆಗೆ ಮೊದಲ ಕಾರಣ ಪುಸ್ತಕ ಕೊಟ್ಟವರು ಹಚ್ಚಿದ ಚೀಟಿ. ಇಂಗ್ಲಿಷ್ ಮಾರುಕಟ್ಟೆಯಲ್ಲಿ ‘ಫ್ರೆಂಡ್ಸ್ ಟು ಲವರ್ಸ್’ ಎಂದರೆ ಒಂದು ಗೊತ್ತಾದ ಅಚ್ಚು. ಇಬ್ಬರೂ ಮೊದಲ ಕೆಲವು ಪುಟಗಳಲ್ಲೇ ಒಟ್ಟಿಗೆ ಕಾಣಿಸಬೇಕು. ಅವರದೇ ಜೋಕುಗಳು, ಅವರದೇ ಅಭ್ಯಾಸಗಳು, ಒಬ್ಬ ಇನ್ನೊಬ್ಬನಿಗೆ ಕಾಫಿ ಹೇಗಿರಬೇಕೆಂದು ಕೇಳದೆಯೇ ಮಾಡಿಕೊಡುವಂಥ ಸಣ್ಣ ಸಂಗತಿಗಳು ನಮ್ಮ ಕಣ್ಣೆದುರು ನಡೆಯಬೇಕು. ಪುಸ್ತಕದ ನಡುಭಾಗಕ್ಕೆ ಸ್ನೇಹ ಬಣ್ಣ ಬದಲಿಸಬೇಕು. ಮುಕ್ಕಾಲು ಭಾಗದ ಹೊತ್ತಿಗೆ ಒಂದು ಒಡಕು, ಕೊನೆಗೆ ಕೂಡಿಕೆ. ಇಂಥ ಕಥೆಯಲ್ಲಿ ಅಡ್ಡಿ ಹೊರಗಿನ ಖಳನಾಯಕನಲ್ಲ, ಪ್ರೇಮವನ್ನು ಹೇಳಿಕೊಂಡರೆ ಇರುವ ಸ್ನೇಹವೂ ಹೋದೀತು ಎಂಬ ಭಯ. ಆ ಭಯ ನಮಗೆ ತಟ್ಟಬೇಕಾದರೆ ಕಳೆದುಕೊಳ್ಳಲಿರುವ ಸ್ನೇಹವನ್ನು ನಾವು ಮೊದಲು ಕಂಡಿರಬೇಕು.

‘ಲೆಸ್’ ಈ ಕ್ರಮವನ್ನು ತಲೆಕೆಳಗು ಮಾಡುತ್ತದೆ. ಇರುವ ಎಂಟು ಅಧ್ಯಾಯಗಳಲ್ಲಿ ಒಡಕು ಮೊದಲನೆಯದರಲ್ಲೇ ಮುಗಿದಿದೆ, ಕೂಡಿಕೆ ಎಂಟನೆಯದರ ಕೊನೆಯ ಸಾಲುಗಳಲ್ಲಿದೆ. ನಡುವೆ ಒಬ್ಬನೇ. ಇದು ಪ್ರಣಯ ಕಾದಂಬರಿಗಿಂತ ಪ್ರವಾಸದ ಪ್ರಹಸನ. 2018ರಲ್ಲಿ ಇದಕ್ಕೆ ಅಮೆರಿಕದ ಪುಲಿಟ್ಜರ್ ಪ್ರಶಸ್ತಿಯೂ ಬಂತು. ಮಸಾಲೆ ದೋಸೆ ಎಂದು ಕೊಟ್ಟದ್ದು ಪಡ್ಡು ಆಗಿದ್ದರೆ ಪಡ್ಡುವಿನ ತಪ್ಪಲ್ಲ ಎನ್ನಬಹುದು. ಆದರೂ ನಿಮ್ಮ ದೂರಿನಲ್ಲಿ ಒಂದು ಅಂಶ ನ್ಯಾಯವಾದದ್ದೇ ಆಗಿದೆ: ಆ ಒಂಬತ್ತು ವರ್ಷಗಳಿಗೆ ಲೇಖಕರು ಕೊಟ್ಟಿರುವ ಜಾಗ ತೀರಾ ಕಡಿಮೆ. ಆ ಇಬ್ಬರ ಒಂದು ಸಾಮಾನ್ಯ ಭಾನುವಾರ ಪೂರ್ತಿಯಾಗಿ ನಮಗೆ ಸಿಗುವುದಿಲ್ಲ. ಎಷ್ಟು ಸಲ ಓದಿದರೂ ಈ ಕೊರತೆ ತುಂಬುವುದಿಲ್ಲ.

ಇನ್ನು ಕರಗುವ ಪಾಲು. ಪುಸ್ತಕ ಪೂರ್ತಿ ಮತ್ತೆ ಓದಬೇಕಿಲ್ಲ, ಎರಡು ಗಂಟೆ ಸಾಕು. ಪೆನ್ಸಿಲ್ ಹಿಡಿದು ಮೊದಲ ನಾಲ್ಕೈದು ಪುಟ, ಪ್ಯಾರಿಸ್‌ನ ಅಧ್ಯಾಯ, ಮೊರಾಕೊದಲ್ಲಿ ಸಹಪ್ರಯಾಣಿಕಳಾದ ಝೊಹ್ರಾ ಜೊತೆಗಿನ ಮಾತು, ಕೊನೆಯ ಹತ್ತು ಪುಟ, ಇಷ್ಟನ್ನು ಓದಿ. ನಿರೂಪಕ ತನ್ನನ್ನು ‘ನಾನು’ ಎಂದುಕೊಂಡ ಕಡೆಯಲ್ಲೆಲ್ಲ ಗೆರೆ ಎಳೆಯಿರಿ. ಪುಸ್ತಕದ ಮೊದಲ ವಾಕ್ಯದಲ್ಲೇ ಒಬ್ಬ ‘ನಾನು’ ಎಲ್ಲೋ ಕುಳಿತಿದ್ದಾನೆ, ಅವನು ಕೂತ ಜಾಗದಿಂದ ನೋಡಿದರೆ ಲೆಸ್‌ನ ಕಥೆ ಅಷ್ಟೇನೂ ಕೆಟ್ಟದ್ದಲ್ಲ ಎನ್ನುತ್ತಾನೆ. ಕೂತ ಜಾಗ ಯಾವುದು ಎಂದು ಮೊದಲ ಓದಿನಲ್ಲಿ ಯಾರೂ ಕೇಳುವುದಿಲ್ಲ.

ಆ ಮೊದಲ ದೃಶ್ಯವನ್ನೇ ಹತ್ತಿರದಿಂದ ನೋಡೋಣ. ನ್ಯೂಯಾರ್ಕಿನ ಹೋಟೆಲೊಂದರ ಲಾಬಿ. ಲೆಸ್ ದುಂಡನೆಯ ಮೆತ್ತೆಯ ಸೋಫಾದಲ್ಲಿ ಕೂತಿದ್ದಾನೆ. ಅವನನ್ನು ಕಾರ್ಯಕ್ರಮಕ್ಕೆ ಕರೆದೊಯ್ಯಬೇಕಾದ ಹುಡುಗಿ ಅಲ್ಲೇ ಓಡಾಡುತ್ತಿದ್ದಾಳೆ. ಅವನ ಪುಸ್ತಕ ಓದಿ ಲೇಖಕ ಹೆಂಗಸೆಂದೇ ತಿಳಿದಿರುವ ಅವಳು ಲಾಬಿಯಲ್ಲಿರುವ ಹೆಂಗಸರನ್ನೆಲ್ಲ ವಿಚಾರಿಸುತ್ತಾಳೆ. ಲೆಸ್ ನೋಡುತ್ತಿರುವ ಹಳೆಯ ಗಡಿಯಾರ ನಿಂತುಹೋಗಿದೆ, ಅದು ಅವನಿಗೆ ಗೊತ್ತಿಲ್ಲ. ಮೊದಲ ಓದಿಗೆ ಇದು ಹೆಸರಿಲ್ಲದ ಲೇಖಕನ ಮೇಲಿನ ಜೋಕು, ಸ್ವಲ್ಪ ಕ್ರೂರವೂ ಹೌದು. ಹೇಳುತ್ತಿರುವವನು ಒಂಬತ್ತು ವರ್ಷ ಅವನ ಜೊತೆಗಿದ್ದವನು ಎಂದು ಗೊತ್ತಾದ ಮೇಲೆ ಓದಿ. ಎದ್ದು ಹೋಗಿ ‘ನೀವು ಹುಡುಕುತ್ತಿರುವುದು ನನ್ನನ್ನೇ?’ ಎಂದು ಕೇಳಲಾರದೆ, ತಾನಾಗಿ ಯಾರಾದರೂ ಗುರುತಿಸಲಿ ಎಂದು ನಿಂತ ಗಡಿಯಾರ ನೋಡುತ್ತ ಕೂರುವ ಸ್ವಭಾವ ಅದು. ಫ್ರೆಡ್ಡಿಯನ್ನು ಕಳೆದುಕೊಂಡದ್ದೂ ಹೀಗೇ ಕೂತು. ಅದನ್ನು ಫ್ರೆಡ್ಡಿಯೇ ಹೇಳುತ್ತಿದ್ದಾನೆ, ನಗುತ್ತ ಹೇಳುತ್ತಿದ್ದಾನೆ. ಹಂಗಿಸುವ ದನಿ ಎಂದು ನಮಗೆ ಅನಿಸಿದ್ದು ಮನೆಯವರು ಮನೆಯವನನ್ನು ಆಡಿಕೊಳ್ಳುವ ದನಿ.

ಪ್ಯಾರಿಸ್‌ನಲ್ಲಿ ಇದೇ ತಂತ್ರ ನೋವು ಕೊಡುತ್ತದೆ. ಪಾರ್ಟಿಯೊಂದರಲ್ಲಿ ಲೆಸ್‌ಗೆ ಹಾವಿಯರ್ ಎಂಬ ಸ್ಪೇನಿನವನು ಸಿಗುತ್ತಾನೆ. ವಿವಾಹಿತ. ಇಬ್ಬರೂ ಮಾತಾಡುತ್ತ ನಿಲ್ಲುತ್ತಾರೆ, ಇನ್ನೊಂದು ಬದುಕು ಸಾಧ್ಯವಿತ್ತು ಅನ್ನಿಸುವಷ್ಟು ಹತ್ತಿರವಾಗುತ್ತಾರೆ. ಮೊದಲ ಓದಿಗೆ ಅದೊಂದು ಸುಂದರವಾದ ಉಪಕಥೆ. ಎರಡನೆಯ ಸಲ ನೋಡಿದರೆ, ತಾನು ಬಿಟ್ಟುಹೋದವನು ಇನ್ನೊಬ್ಬನ ಕಡೆಗೆ ವಾಲಿದ ಸಂಜೆಯನ್ನು ಫ್ರೆಡ್ಡಿ ಇಷ್ಟು ಮೃದುವಾಗಿ ಬರೆಯಬೇಕಾಗಿದೆ. ಹೊಟ್ಟೆಕಿಚ್ಚಿನ ಒಂದು ಪದ ಇಲ್ಲ. ಬಳಗದಲ್ಲಿ ಗಟ್ಟಿಯಾಗಿ ಓದುವುದಕ್ಕೆ ಇಡೀ ಪುಸ್ತಕದಲ್ಲಿ ಇದಕ್ಕಿಂತ ಒಳ್ಳೆಯ ಭಾಗವಿಲ್ಲ.

ಇಲ್ಲಿ ಯಾರಾದರೂ ಒಂದು ಆಕ್ಷೇಪ ತೆಗೆದೇ ತೆಗೆಯುತ್ತಾರೆ, ಸಿದ್ಧರಾಗಿರಿ. ಸಹಾರಾ ಮರಳುಗಾಡಿನಲ್ಲಿ ಲೆಸ್‌ನ ತಲೆಯೊಳಗೆ ಓಡಿದ ಯೋಚನೆ ಫ್ರೆಡ್ಡಿಗೆ ಹೇಗೆ ಗೊತ್ತು? ಲೆಕ್ಕಕ್ಕೆ ಕೂತರೆ ಗೊತ್ತಿರಲು ಸಾಧ್ಯವಿಲ್ಲ. ಆಮೇಲೆ ಕೇಳಿ ತಿಳಿದದ್ದು ಸ್ವಲ್ಪ, ಕಟ್ಟಿಕೊಂಡದ್ದು ಬಹಳ ಎಂದು ಓದಿಕೊಳ್ಳಬೇಕು. ಒಬ್ಬ ಇನ್ನೊಬ್ಬನನ್ನು ಇಷ್ಟು ವಿವರವಾಗಿ ಊಹಿಸಿಕೊಳ್ಳುವುದೇ ಈ ಪುಸ್ತಕದ ಪ್ರೇಮ. ಈ ಸಮಜಾಯಿಷಿ ನನಗೆ ಒಪ್ಪಿಗೆ. ಆದರೆ ಇದಕ್ಕೆ ತೆತ್ತ ಬೆಲೆಯನ್ನು ಮರೆಮಾಚಬಾರದು. ಲೆಸ್‌ನನ್ನು ನೋಡುವುದರಲ್ಲೇ ಮುಳುಗಿದ ಫ್ರೆಡ್ಡಿಗೆ ತನ್ನದೇ ಬದುಕು ಉಳಿದಿಲ್ಲ. ಅವನ ಮದುವೆ, ಆ ಗಂಡ, ಅದು ಮುರಿದದ್ದು ಎಲ್ಲ ಅವಸರದಲ್ಲಿ ಸಾಗುತ್ತವೆ. ಮದುವೆಯಾದ ಬೆನ್ನಿಗೇ ಕೈಬಿಡಲ್ಪಟ್ಟ ಆ ಟಾಮ್‌ನ ಬಗ್ಗೆ ಯೋಚಿಸಲು ಪುಸ್ತಕಕ್ಕೆ ಪುರುಸೊತ್ತಿಲ್ಲ. ಇದು ಎರಡನೆಯ ಓದಿಗೂ ಕರಗದ ಪಾಲು.

ನಿಮ್ಮ ಇನ್ನೊಂದು ದೂರು, ‘ಅಮೆರಿಕದವನ ಗೋಳು’, ಪುಸ್ತಕದೊಳಗೇ ಇದೆ. ಲೆಸ್ ಬರೆಯುತ್ತಿರುವ ‘ಸ್ವಿಫ್ಟ್’ ಎಂಬ ಕಾದಂಬರಿಯಲ್ಲಿ ನಡುವಯಸ್ಸಿನ ಗೇ ಗಂಡಸೊಬ್ಬ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ತನ್ನ ದುಃಖ ಹೊತ್ತು ನಡೆಯುತ್ತಾನೆ. ಪ್ರಕಾಶಕರು ಅದನ್ನು ಬೇಡವೆಂದಿದ್ದಾರೆ. ಮೊರಾಕೊದಲ್ಲಿ ಅದರ ಕಥೆ ಕೇಳಿದ ಝೊಹ್ರಾ, ಅಂಥ ಬಿಳಿಯ ಅಮೆರಿಕನ್ ಗಂಡಸಿಗಾಗಿ ಮರುಗುವುದು ಕಷ್ಟ, ಅವನು ಗೇ ಆಗಿದ್ದರೂ ಅಷ್ಟೇ, ಎಂದು ಮುಖಕ್ಕೆ ಹೇಳುತ್ತಾಳೆ. ಮುಂದೆ ಇಂಡಿಯಾದಲ್ಲಿ ಲೆಸ್‌ಗೆ ದಾರಿ ಹೊಳೆಯುತ್ತದೆ. ಘಟನೆಗಳು ಅವೇ ಇರಲಿ, ಆ ನಾಯಕನನ್ನು ಹುತಾತ್ಮನ ಬದಲು ಪೆದ್ದನನ್ನಾಗಿ ಮಾಡೋಣ. ಅಂದರೆ ನಾವು ಕೈಯಲ್ಲಿ ಹಿಡಿದಿರುವ ಪುಸ್ತಕ ತಯಾರಾದ ವಿಧಾನವನ್ನೇ ಅದರ ನಾಯಕ ಕಂಡುಹಿಡಿಯುತ್ತಾನೆ. ಬರಹಗಾರ ನಾಯಕನಾಗಿರುವ ಕಾದಂಬರಿಗಳಲ್ಲಿ ಸಾಮಾನ್ಯವಾಗಿ ‘ಬರವಣಿಗೆ ನಿಂತುಹೋಯಿತು, ಪ್ರೇಮ ಬಂತು, ಬರವಣಿಗೆ ಹರಿಯಿತು’ ಎಂಬ ಸೋಮಾರಿ ಸೂತ್ರ ಇರುತ್ತದೆ. ಇಲ್ಲಿ ಹಾಗಲ್ಲ. ಬರವಣಿಗೆಯ ತೊಡಕು ಅಂತರದ್ದು, ಪರಿಹಾರವೂ ಅಂತರದ್ದೇ: ದುಃಖದಿಂದ ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡುವುದು. ಈ ಪುಸ್ತಕದ ಅತ್ಯುತ್ತಮ ಕೆಲಸ ಇದು ಎಂದು ನನ್ನ ಅಭಿಪ್ರಾಯ.

ಹಾಗೆಂದು ಆಕ್ಷೇಪವನ್ನು ತಾನೇ ಮೊದಲು ಹೇಳಿಕೊಂಡ ಮಾತ್ರಕ್ಕೆ ಉತ್ತರ ಕೊಟ್ಟಂತೆ ಆಗುವುದಿಲ್ಲ. ನೆಂಟರ ಮನೆಗೆ ಹೋಗಿ ‘ಬರಿಗೈಲಿ ಬಂದುಬಿಟ್ಟೆ’ ಎಂದು ಬಾಗಿಲಲ್ಲೇ ಹೇಳಿದರೂ ಕೈ ಬರಿದೇ. ಒಂದು ತಿದ್ದುಪಡಿ ಮಾತ್ರ ಮಾಡಿಕೊಳ್ಳಿ: ಲೆಸ್ ಹಣವಂತನಲ್ಲ. ಮೆಕ್ಸಿಕೋದಲ್ಲಿ ವಿಚಾರಗೋಷ್ಠಿ, ಟ್ಯೂರಿನ್‌ನಲ್ಲಿ ಪ್ರಶಸ್ತಿ ಸಮಾರಂಭ, ಬರ್ಲಿನ್‌ನಲ್ಲಿ ಐದು ವಾರದ ಪಾಠ, ಜಪಾನಿನಲ್ಲಿ ಊಟದ ಬಗ್ಗೆ ಪತ್ರಿಕೆಗೊಂದು ಲೇಖನ, ಹೀಗೆ ಬಹುಪಾಲು ಬೇರೆಯವರ ಖರ್ಚಿನಲ್ಲೇ ತಿರುಗುತ್ತಾನೆ. ಅವನ ಬಳಿಯಿರುವುದು ದುಡ್ಡಲ್ಲ, ಆಹ್ವಾನಗಳು. ಅದೂ ಎಲ್ಲರಿಗೂ ಸಿಗುವ ಆಸ್ತಿಯಲ್ಲ ಎಂದು ನೀವು ವಾದಿಸಿದರೆ ನಾನು ನಿಮ್ಮ ಪಕ್ಷ.

ಇಂಡಿಯಾದ ಅಧ್ಯಾಯದ ಬಗ್ಗೆ ನಿಮಗಾದ ಕಿರಿಕಿರಿಗೆ ಸಂಕೋಚ ಬೇಡ. ಲೆಸ್ ಬರೆಯಲು ಶಾಂತವಾದ ಜಾಗ ಎಂದುಕೊಂಡು ಕೇರಳದ ಕಡಲತೀರಕ್ಕೆ ಬಂದರೆ ಅದು ಕ್ರೈಸ್ತ ಧ್ಯಾನಕೇಂದ್ರ. ಗದ್ದಲವೋ ಗದ್ದಲ. ಅವನ ಗುರುತೇ ಆಗಿದ್ದ ನೀಲಿ ಸೂಟನ್ನು ನಾಯಿ ಹರಿದುಹಾಕುತ್ತದೆ, ಸೂಜಿ ಅಂಗಾಲಿಗೆ ಚುಚ್ಚಿಕೊಳ್ಳುತ್ತದೆ. ಇದನ್ನು ಬರ್ಲಿನ್ ಅಧ್ಯಾಯದ ಪಕ್ಕ ಇಟ್ಟು ನೋಡಿ. ಬರ್ಲಿನ್‌ನಲ್ಲಿ ತನ್ನ ಜರ್ಮನ್ ಬಲು ಚೆನ್ನಾಗಿದೆ ಎಂದು ಲೆಸ್ ನಂಬಿದ್ದಾನೆ, ಅವನ ತಪ್ಪು ಜರ್ಮನ್ನನ್ನು ಲೇಖಕರು ಪದಕ್ಕೆ ಪದ ಇಂಗ್ಲಿಷಿಗಿಳಿಸಿ ನಗಿಸುತ್ತಾರೆ. ನಗು ಲೆಸ್ ಮೇಲೆ, ಅಲ್ಲಿನ ವಿದ್ಯಾರ್ಥಿಗಳಿಗೆ ಮಾತೂ ಮುಖವೂ ಇವೆ. ಕೇರಳದಲ್ಲಿ ನಗುವಿನ ಅರ್ಧ ಭಾಗ ಜಾಗದ ಮೇಲೆ ಬೀಳುತ್ತದೆ, ಅಲ್ಲಿನ ಜನ ಹಿನ್ನೆಲೆಯ ಸದ್ದಾಗಿ ಉಳಿಯುತ್ತಾರೆ. ಮಲಯಾಳಂ ತಪ್ಪಾಗಿ ಮಾತಾಡಲು ಹೋಗಿ ಲೆಸ್ ನಗೆಪಾಟಲಾಗಿದ್ದರೆ ಅಧ್ಯಾಯವೇ ಬೇರೆಯಾಗುತ್ತಿತ್ತು. ಅವನ ಕಾದಂಬರಿ ತಿರುವು ಪಡೆಯುವುದೂ ಇಲ್ಲೇ. ಪೂರ್ವ ದೇಶಕ್ಕೆ ಬಂದು ಪಶ್ಚಿಮದವನಿಗೆ ಜ್ಞಾನೋದಯವಾಗುವ ಹಳೆಯ ಹಾದಿಯನ್ನು ಲೇಖಕರು ಅಣಕಿಸುತ್ತ ಅಣಕಿಸುತ್ತ ಅದರಲ್ಲೇ ನಡೆದುಬಿಟ್ಟಿದ್ದಾರೆ.

ಮತ್ತೊಂದು ಸಂಗತಿ ನಮ್ಮ ಓದುಗರಿಗೆ ತಪ್ಪಿಹೋಗುವ ಸಾಧ್ಯತೆ ಹೆಚ್ಚು. ಐವತ್ತಾಗುವುದಕ್ಕೆ ಲೆಸ್ ಇಷ್ಟೊಂದು ಹೆದರುವುದೇಕೆ? ಗೇ ಗಂಡಸರಲ್ಲಿ ಮುದುಕನಾಗುತ್ತಿರುವ ಮೊದಲನೆಯವನು ತಾನೇ ಎಂದು ಅವನಿಗೆ ಅನಿಸುವುದನ್ನು ಪುಸ್ತಕ ಜೋಕಿನಂತೆ ಹೇಳುತ್ತದೆ. ಅವನು ಹುಟ್ಟಿದ್ದು 1960ರ ದಶಕದ ನಡುವೆ ಎಂದುಕೊಳ್ಳಿ. ಅಮೆರಿಕದಲ್ಲಿ ಏಡ್ಸ್‌ನ ಮೊದಲ ವರದಿ ಬಂದದ್ದು 1981ರ ಜೂನ್‌ನಲ್ಲಿ, ಸಂಯುಕ್ತ ಔಷಧಗಳು ಸಾವನ್ನು ತಡೆಯತೊಡಗಿದ್ದು 1996ರ ಸುಮಾರಿಗೆ. ಆ ಹದಿನೈದು ವರ್ಷಗಳಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಅವನಿಗಿಂತ ಹಿರಿಯರಾದ ಒಂದು ತಲೆಮಾರು ಕರಗಿಹೋಯಿತು. ಗಂಡಸರಿಬ್ಬರು ಒಟ್ಟಿಗೆ ಮುಪ್ಪಾಗುವುದು ಹೇಗೆಂದು ತೋರಿಸಿಕೊಡಬೇಕಾದವರು ಇಲ್ಲ. ಇತ್ತ ಫ್ರೆಡ್ಡಿಯ ವಯಸ್ಸಿನವರಿಗೆ ಮದುವೆಯೇ ಎಟುಕಿದೆ. ಅಮೆರಿಕದ ಸುಪ್ರೀಂ ಕೋರ್ಟು ದೇಶದಾದ್ಯಂತ ಅದಕ್ಕೆ ಮಾನ್ಯತೆ ಕೊಟ್ಟದ್ದು 2015ರ ಜೂನ್‌ನಲ್ಲಿ, ಪುಸ್ತಕ ಬಂದದ್ದು 2017ರಲ್ಲಿ. ಹೆಸರಿಲ್ಲದೆ ಒಂಬತ್ತು ವರ್ಷ ಇರುವುದು ಲೆಸ್‌ನ ಕಾಲದವರಿಗೆ ಸಹಜ, ಹೆಸರಿಟ್ಟು ಮದುವೆಯಾಗುವುದು ಫ್ರೆಡ್ಡಿಯ ಕಾಲದವರಿಗೆ ಸಹಜ. ಅವರ ನಡುವಿನ ಹದಿನೈದು ವರ್ಷದ ಅಂತರಕ್ಕೆ ಇರುವ ತೂಕ ಇದು.

ಈಗ ನಿಮ್ಮ ಅಳುಕಿಗೆ ಬರುತ್ತೇನೆ. ಪೂರ್ವಗ್ರಹ ಇದೆಯೋ ಇಲ್ಲವೋ ಎಂದು ಮನಸ್ಸನ್ನು ಕೇಳಿದರೆ ಅದು ಇಲ್ಲ ಎಂದೇ ಹೇಳುತ್ತದೆ, ದೂರುಗಳನ್ನೇ ಪರೀಕ್ಷೆಗೆ ಹಚ್ಚಿ. ಒಂದು ಹಾಳೆಯಲ್ಲಿ ನಿಮಗೆ ಸೇರದ್ದನ್ನೆಲ್ಲ ಬರೆದು, ಪ್ರತಿಯೊಂದರ ಎದುರೂ ಫ್ರೆಡ್ಡಿಯನ್ನು ಹೆಣ್ಣೆಂದು ಊಹಿಸಿಕೊಂಡು ದೂರು ಉಳಿಯುತ್ತದೆಯೇ ನೋಡಿ. ಪ್ರೇಮಿಯ ಗೈರುಹಾಜರಿ ಉಳಿಯುತ್ತದೆ. ಗೋಳು ಉಳಿಯುತ್ತದೆ. ಇಂಡಿಯಾ ಉಳಿಯುತ್ತದೆ. ‘ಒಂಬತ್ತು ವರ್ಷದಲ್ಲಿ ಒಂದು ಮಾತು ಆಡಬಾರದಿತ್ತೇ’ ಎಂಬುದು ಮಾತ್ರ ಅಲುಗಾಡುತ್ತದೆ, ಅದಕ್ಕೆ ಕಾರಣ ಮೇಲೆ ಹೇಳಿದ ಇತಿಹಾಸ. ಇದಕ್ಕೆ ವಿರುದ್ಧವಾದ ತಪ್ಪೂ ಇದೆ: ಗೇ ಕಾದಂಬರಿ ಎಂಬ ಮರ್ಯಾದೆಗೆ ಕೊರತೆಗಳನ್ನು ನುಂಗಿಕೊಳ್ಳುವುದು. ಪ್ಯಾರಿಸ್‌ನಲ್ಲಿ ಫಿನ್ಲಿ ಡ್ವೈಯರ್ ಎಂಬ ಗೇ ಲೇಖಕ ಲೆಸ್‌ಗೆ, ನೀನು ಕೆಟ್ಟ ಲೇಖಕನಲ್ಲ, ಕೆಟ್ಟ ಗೇ ಎನ್ನುತ್ತಾನೆ; ತಮ್ಮವರ ಬದುಕಿನ ಚೆಲುವನ್ನು ತೋರಿಸದೆ ಬರೀ ಸಂಕಟ ಬರೆಯುತ್ತಾನೆಂಬ ಸಿಟ್ಟು. ಈ ಸಿಟ್ಟಿಗೆ ನೂರು ವರ್ಷದ ಹಿನ್ನೆಲೆಯಿದೆ. ಇಂಗ್ಲೆಂಡಿನ ಇ.ಎಂ. ಫಾರ್ಸ್ಟರ್ ಇಬ್ಬರು ಗಂಡಸರ ಪ್ರೇಮವನ್ನು ಸುಖಾಂತ್ಯವಾಗಿಸಿ ‘ಮಾರಿಸ್’ ಕಾದಂಬರಿ ಬರೆದದ್ದು 1913-14ರಲ್ಲಿ, ಅದು ಅಚ್ಚಾದದ್ದು ಅವರು ತೀರಿಕೊಂಡ ಮೇಲೆ, 1971ರಲ್ಲಿ. ಸುಖಾಂತ್ಯವೆಂಬುದು ಇಲ್ಲಿ ಸುಲಭದ ಸಿಹಿಯಲ್ಲ. ನಿಮ್ಮ ಕಣ್ಣು ತುಂಬಿಸಿದ ಕೊನೆಯ ಪುಟ ಡ್ವೈಯರ್‌ಗೆ ಕೊಟ್ಟ ಉತ್ತರವೂ ಹೌದು.

ಬಳಗದಲ್ಲಿ ಕನ್ನಡದ ಕಡೆಯಿಂದ ಒಂದು ಪುಸ್ತಕ ಪಕ್ಕಕ್ಕಿಟ್ಟುಕೊಳ್ಳಬೇಕೆಂದಿದ್ದರೆ ವಸುಧೇಂದ್ರರ ‘ಮೋಹನಸ್ವಾಮಿ’ ಕಥಾಸಂಕಲನವನ್ನೇ ಇಡಿ. ಅದು ಬಂದದ್ದು 2013ರಲ್ಲಿ; ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ 377ನೇ ಕಲಮಿನ ಬಗ್ಗೆ ಸುಪ್ರೀಂ ಕೋರ್ಟಿನ ತೀರ್ಪು ಬಂದದ್ದು 2018ರ ಸೆಪ್ಟೆಂಬರ್ 6ರಂದು. ಅಲ್ಲೂ ಜೊತೆಗಾರ ಕಾರ್ತಿಕ್‌ನ ಮದುವೆಯಿಂದಲೇ ಸಂಕಟ ಶುರು. ಆದರೆ ಕಾರ್ತಿಕ್ ಮದುವೆಯಾಗ ಹೊರಡುವುದು ಹೆಣ್ಣನ್ನು, ಫ್ರೆಡ್ಡಿ ಮದುವೆಯಾಗುವುದು ಗಂಡನ್ನು. ಲೆಸ್‌ನ ನೋವು ತನಗಿಂತ ಧೈರ್ಯವಂತನಿಗೆ ಸೋತದ್ದರಿಂದ. ಮೋಹನಸ್ವಾಮಿ ಸೋತದ್ದು ಒಂದು ಇಡೀ ವ್ಯವಸ್ಥೆಗೆ. ಇಬ್ಬರಿಗೂ ಒಂದೇ ಅಳತೆಗೋಲು ಹಿಡಿದು ಯಾರ ನೋವು ದೊಡ್ಡದು ಎಂಬ ಪಂದ್ಯ ಶುರುವಾದರೆ ಅರ್ಧ ಗಂಟೆ ವ್ಯರ್ಥವಾಗುತ್ತದೆ, ಅದನ್ನು ಮೊದಲೇ ತಡೆಯಿರಿ.

ಕೂಟ ಒಂದೂವರೆ ಗಂಟೆಯದಾದರೆ ನೀವು ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಮಾತಾಡಬೇಡಿ. ‘ಇಷ್ಟವಾಯಿತೇ?’ ಎಂದು ಶುರು ಮಾಡಿದರೆ ಹೌದು, ಇಲ್ಲ ಎಂಬಲ್ಲಿಗೆ ಮಾತು ಮುಗಿಯುತ್ತದೆ. ‘ಪುಸ್ತಕವನ್ನು ಯಾವ ಪುಟದಲ್ಲಿ ಕೆಳಗಿಟ್ಟಿರಿ, ಮತ್ತೆ ಯಾಕೆ ಎತ್ತಿಕೊಂಡಿರಿ?’ ಎಂದು ಕೇಳಿ. ಹೆಚ್ಚಿನವರು ಮೆಕ್ಸಿಕೋ ಅಥವಾ ಇಟಲಿಯಲ್ಲಿ ನಿಂತಿರುತ್ತಾರೆ. ಆಮೇಲೆ ಹೋಟೆಲ್ ಲಾಬಿಯ ಎರಡು ಪುಟವನ್ನು ಒಬ್ಬರು ಗಟ್ಟಿಯಾಗಿ ಓದಲಿ, ಹೇಳುತ್ತಿರುವವನು ಫ್ರೆಡ್ಡಿ ಎಂದು ನೆನಪಿಸಿ, ಅದನ್ನೇ ಮತ್ತೆ ಓದಿಸಿ. ದನಿ ತಾನಾಗಿ ಬದಲಾಗುತ್ತದೆ. ‘ಇಂಥ ಸಂಬಂಧ ಸರಿಯೇ ತಪ್ಪೇ’ ಎಂಬ ದಾರಿಗೆ ಚರ್ಚೆ ಜಾರಿದರೆ, ಪುಸ್ತಕ ಆ ಪ್ರಶ್ನೆಯನ್ನು ಕೇಳುತ್ತಿಲ್ಲ ಎಂದಷ್ಟೇ ಹೇಳಿ ಪುಟಕ್ಕೆ ಮರಳಿ. ಪದದ ವಿಷಯದಲ್ಲಿ, ‘ಸಲಿಂಗಕಾಮಿ’ ಎಂಬುದು ಪ್ರೇಮವನ್ನು ಹಾಸಿಗೆಗೆ ಇಳಿಸುತ್ತದೆ ಎಂದು ಅನೇಕರ ಆಕ್ಷೇಪ. ‘ಸಲಿಂಗಪ್ರೇಮಿ’ ಅಥವಾ ನೇರವಾಗಿ ‘ಗೇ’ ಎನ್ನಿ.

ಸಮಯ ಉಳಿದರೆ ಹತ್ತು ನಿಮಿಷ ಒಂದು ಆಟ ಆಡಿಸಿ. ಅಧ್ಯಾಯದ ಹೆಸರುಗಳೆಲ್ಲ ಶ್ಲೇಷೆ, ‘ಲೆಸ್ ಮೆಕ್ಸಿಕನ್’, ‘ಲೆಸ್ ಇಂಡಿಯನ್’ ಎಂಬಂತೆ. ಲೆಸ್ ಎಂಬುದು ಅವನ ಹೆಸರೂ ಹೌದು, ‘ಕಡಿಮೆ’ಯೂ ಹೌದು. ಇವನ್ನು ಕನ್ನಡಕ್ಕೆ ತರಲು ಹೇಳಿ. ಟ್ಯೂರಿನ್‌ನಲ್ಲಿ ಬಹುಮಾನ ಬಂದಾಗ, ತನ್ನ ಸಾಧಾರಣ ಕಾದಂಬರಿಯನ್ನು ಇಟಾಲಿಯನ್ ಅನುವಾದಕಿಯೇ ಮೇರುಕೃತಿ ಮಾಡಿಬಿಟ್ಟಿದ್ದಾಳೆ ಎಂದು ಲೆಸ್‌ಗೆ ಗುಮಾನಿ ಬರುತ್ತದಲ್ಲ, ಅದನ್ನೂ ನೆನಪಿಸಿ. ‘ಕಡಿಮೆ’ ಎಂದು ಅನುವಾದಿಸಿದರೆ ಹೆಸರು ಹೋಗುತ್ತದೆ, ‘ಲೆಸ್’ ಎಂದೇ ಉಳಿಸಿದರೆ ಶ್ಲೇಷೆ ಹೋಗುತ್ತದೆ. ಆದರೆ ಕೊನೆಯ ಅಧ್ಯಾಯದ ಹೆಸರು ‘ಲೆಸ್ ಅಟ್ ಲಾಸ್ಟ್’. ಅಲ್ಲಿಗೆ ಬಂದಾಗ ಒಂದೇ ಒಂದು ದೀರ್ಘ ಎಳೆದು ನೋಡಿ: ‘ಕೊನೆಗೂ ಲೇಸು’.